ಲಾರ್ಡ್ಸ್‌ನ ಆರನೇ ರನ್, ಚಿನ್ನಸ್ವಾಮಿಯ ನೋಬಾಲ್: ಅಂಪೈರ್ ತಪ್ಪಿದ್ದು ಎಲ್ಲಿ?

ಸ್ಕೋರ್‌ಬುಕ್_63

ಕೆಟ್ಟ ಅಂಪೈರಿಂಗ್ ಅಂದ ಕೂಡಲೇ ನಮ್ಮಲ್ಲಿ ಅಂಪೈರ್ ಸ್ಟೀವ್ ಬಕ್ನರ್ ಹೆಸರು ಬರುತ್ತೆ, ನಾಲ್ಕು ಬೈಗುಳ ಬೀಳುತ್ತೆ, ಮಾತು ಅಲ್ಲಿಗೆ ಮುಗಿಯುತ್ತೆ. ಈ ಥ್ರೆಡ್‌ನಲ್ಲಿ ಅದು ಬೇಡ. ಯಾವ ಪಂದ್ಯ, ಯಾವ ಬಾಲ್, ಯಾವ ನಿಯಮ, ತಪ್ಪಿದ್ದು ಕಣ್ಣೋ ಕಾನೂನೋ, ಅಷ್ಟು ಬರೆಯಿರಿ. "ದುಡ್ಡು ತಿಂದಿದ್ದಾನೆ" ಅನ್ನೋರಿಗೆ ಬೇರೆ ಥ್ರೆಡ್‌ಗಳು ಬೇಕಾದಷ್ಟಿವೆ.

ನಾನೇ ಶುರು ಮಾಡ್ತೀನಿ. 2019ರ ಜುಲೈ 14, ಲಾರ್ಡ್ಸ್, ವಿಶ್ವಕಪ್ ಫೈನಲ್. ನ್ಯೂಜಿಲೆಂಡ್ 8 ವಿಕೆಟಿಗೆ 241. ಕೊನೇ ಓವರ್ ಟ್ರೆಂಟ್ ಬೋಲ್ಟ್ ಕೈಯಲ್ಲಿ, ಇಂಗ್ಲೆಂಡಿಗೆ 15 ಬೇಕು. ಮೊದಲೆರಡು ಡಾಟ್, ಮೂರನೆಯದನ್ನು ಬೆನ್ ಸ್ಟೋಕ್ಸ್ ಸಿಕ್ಸ್ ಎತ್ತಿದ. ಉಳಿದದ್ದು 3 ಬಾಲ್, 9 ರನ್. ನಾಲ್ಕನೆಯದನ್ನು ಡೀಪ್ ಮಿಡ್‌ವಿಕೆಟ್ ಕಡೆ ತಳ್ಳಿ ಎರಡಕ್ಕೆ ಓಡಿದರು. ಮಾರ್ಟಿನ್ ಗಪ್ಟಿಲ್ ಎಸೆದ ಬಾಲ್, ಡೈವ್ ಹೊಡೆದ ಸ್ಟೋಕ್ಸ್‌ನ ಬ್ಯಾಟಿಗೆ ತಾಗಿ ಬೌಂಡರಿಗೆ ಹೋಯ್ತು. ಅಂಪೈರ್ ಕುಮಾರ ಧರ್ಮಸೇನ 6 ರನ್ ಕೊಟ್ಟರು.

ಕೊಡಬೇಕಿದ್ದದ್ದು 5. ನಿಯಮ 19.8 ಹೇಳೋದು ಇಷ್ಟು: ಓವರ್‌ಥ್ರೋ (ಫೀಲ್ಡರ್ ಎಸೆದ ಬಾಲ್ ಯಾರ ಕೈಗೂ ಸಿಗದೆ ಮುಂದೆ ಹೋಗೋದು) ಬೌಂಡರಿಗೆ ಹೋದರೆ ಬೌಂಡರಿಯ 4, ಅದರ ಜೊತೆ ಓಡಿ ಮುಗಿಸಿದ ರನ್ನುಗಳು. ಓಡುತ್ತಿರುವ ರನ್ ಸೇರಬೇಕಾದರೆ ಫೀಲ್ಡರ್ ಬಾಲ್ ಎಸೆದ ಕ್ಷಣದಲ್ಲಿ ಬ್ಯಾಟರ್‌ಗಳಿಬ್ಬರೂ ಒಬ್ಬರನ್ನೊಬ್ಬರು ದಾಟಿರಬೇಕು. ಗಪ್ಟಿಲ್ ಕೈಯಿಂದ ಬಾಲ್ ಬಿಡುವಾಗ ಸ್ಟೋಕ್ಸ್ ಮತ್ತು ಆದಿಲ್ ರಶೀದ್ ಎರಡನೇ ರನ್ನಿಗೆ ದಾಟಿರಲಿಲ್ಲ. ರೀಪ್ಲೇಯಲ್ಲಿ ಇದು ಸ್ಪಷ್ಟವಾಗಿಯೇ ಇದೆ.

ಹೆಚ್ಚಿನವರು "ಒಂದು ರನ್ ಜಾಸ್ತಿ ಕೊಟ್ಟರು" ಅಂತ ಮಾತ್ರ ಹೇಳ್ತಾರೆ. ಅದಕ್ಕಿಂತ ದೊಡ್ಡದು ಸ್ಟ್ರೈಕ್. ದಾಟಿರದಿದ್ದರೆ ಇಬ್ಬರೂ ಬಿಟ್ಟುಬಂದ ತುದಿಗೆ ವಾಪಸ್. ಅಂದರೆ ಮುಂದಿನ ಬಾಲ್ ಆಡಬೇಕಿದ್ದವನು ರಶೀದ್, 2 ಬಾಲಿಗೆ 4 ರನ್. ನಡೆದದ್ದು: ಸ್ಟೋಕ್ಸ್ ಸ್ಟ್ರೈಕ್‌ನಲ್ಲಿ, 2 ಬಾಲಿಗೆ 3. ಆ ಎರಡರಲ್ಲೂ ಒಂದೊಂದು ರನ್, ಒಂದೊಂದು ರನೌಟ್. 241ಕ್ಕೆ ಟೈ, ಸೂಪರ್ ಓವರ್ 15-15, ಕೊನೆಗೆ ಹೆಚ್ಚು ಬೌಂಡರಿ ಹೊಡೆದವರಿಗೆ ಕಪ್ ಅನ್ನೋ ಎಣಿಕೆ, 26-17, ಇಂಗ್ಲೆಂಡಿಗೆ ಗೆಲುವು. ಆ ಎಣಿಕೆ ನಿಯಮವನ್ನು ಐಸಿಸಿ ಅದೇ ವರ್ಷ ಅಕ್ಟೋಬರಿನಲ್ಲಿ ಕಸದ ಬುಟ್ಟಿಗೆ ಹಾಕಿತು.

ಮಿಡಾನ್_ಮಲ್ಲೇಶ್ವರಂ

ಒಂದು ತಕರಾರು ಸಾರ್. ನಿಯಮದಲ್ಲಿ "ಥ್ರೋ ಅಥವಾ ಕ್ರಿಯೆ" ಅಂತ ಎರಡು ಪದ ಇದೆ. ಬಾಲ್ ಬ್ಯಾಟಿಗೆ ಬಡಿದದ್ದನ್ನೇ "ಕ್ರಿಯೆ" ಅಂತ ತಗೊಂಡರೆ, ಅಷ್ಟೊತ್ತಿಗೆ ಇಬ್ಬರೂ ದಾಟಿಯಾಗಿತ್ತು. ಆಗ 6 ಸರಿಯಾಗುತ್ತಲ್ಲ?

ಸ್ಕೋರ್‌ಬುಕ್_63

ಆಗಲ್ಲ. ಅಲ್ಲಿ "ಕ್ರಿಯೆ" ಅಂದರೆ ಫೀಲ್ಡರ್ ಬೇಕೆಂದೇ ಮಾಡಿದ್ದು. ಬಾಲನ್ನು ಕಾಲಲ್ಲಿ ಒದ್ದು ಬೌಂಡರಿಗೆ ಕಳಿಸೋದು, ಆ ಥರದ್ದು. ಬ್ಯಾಟಿಗೆ ಬಡಿದದ್ದು ಫೀಲ್ಡರ್ ಮಾಡಿದ್ದೂ ಅಲ್ಲ, ಬೇಕೆಂದು ಆದದ್ದೂ ಅಲ್ಲ. ಮಾಜಿ ಅಂಪೈರ್ ಸೈಮನ್ ಟಾಫೆಲ್ ಆಗ, ಕ್ರಿಕೆಟ್ ನಿಯಮ ಬರೆಯೋ ಎಂಸಿಸಿಯ ನಿಯಮಗಳ ಉಪಸಮಿತಿಯಲ್ಲಿದ್ದವರು. ಅವರೇ ಇದು ಸ್ಪಷ್ಟ ತಪ್ಪು, 5 ಕೊಡಬೇಕಿತ್ತು ಅಂದರು. ಪಂದ್ಯ ಇದೊಂದರಿಂದಲೇ ತೀರ್ಮಾನವಾಯ್ತು ಅನ್ನೋದು ನ್ಯಾಯವಲ್ಲ ಅಂತಲೂ ಸೇರಿಸಿದರು. ಧರ್ಮಸೇನ ಕೂಡ ಆಮೇಲೆ ಟಿವಿಯಲ್ಲಿ ನೋಡಿ ತಪ್ಪೆಂದು ಒಪ್ಪಿಕೊಂಡರು.

ಪಾಪಿಂಗ್‌ಕ್ರೀಸ್

ಇದನ್ನ ಬರೀ "ನಿಯಮ ಗೊತ್ತಿರಲಿಲ್ಲ" ಅಂತ ತಳ್ಳಿಹಾಕಬೇಡಿ. ಆ ಕ್ಷಣದಲ್ಲಿ ಏನೇನು ನೋಡಬೇಕು ಅಂತ ಲೆಕ್ಕ ಹಾಕಿ. ಫೀಲ್ಡರ್ ಬಾಲ್ ಹಿಡಿದದ್ದು ಬೌಂಡರಿ ಹತ್ತಿರ, ಬ್ಯಾಟರ್‌ಗಳು ಪಿಚ್ ನಡುವೆ. ಒಂದೇ ಜೋಡಿ ಕಣ್ಣು ಎರಡನ್ನೂ ಒಟ್ಟಿಗೆ ಹಿಡಿಯಲ್ಲ. ಮೇಲಿಂದ ಒಂದನೇ ರನ್ ಪೂರ್ತಿಯಾಯ್ತಾ, ಬ್ಯಾಟ್ ಗೆರೆ ದಾಟಿತಾ, ಥ್ರೋ ಯಾವ ತುದಿಗೆ ಬರುತ್ತೆ, ಬೇಲ್ಸ್ ಬೀಳೋ ಹೊತ್ತಿಗೆ ತಾನು ಎಲ್ಲಿ ನಿಂತಿರಬೇಕು. ಅದಕ್ಕೇ ಅಂಪೈರ್ ಜೋಡಿ ಕೆಲಸ ಹಂಚಿಕೊಳ್ಳಬೇಕು: ಒಬ್ಬರ ಕಣ್ಣು ಬಾಲ್ ಮೇಲೆ, ಇನ್ನೊಬ್ಬರದು ದಾಟುವ ಜಾಗದ ಮೇಲೆ. ಕ್ಲಬ್ ಪಂದ್ಯಕ್ಕೆ ನಿಲ್ಲೋರು ಇದನ್ನ ಟಾಸ್‌ಗೆ ಮುಂಚೆಯೇ ಮಾತಾಡಿಕೊಳ್ಳಿ. ಓವರ್‌ಥ್ರೋ ಆದಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಏನೂ ಸಿಗಲ್ಲ.

ಇನ್ನೊಂದು. ದಾಟಿದರೋ ಇಲ್ಲವೋ ಅಂತ ಟಿವಿ ನೋಡಿ ಹೇಳೋ ಥರ್ಡ್ ಅಂಪೈರ್‌ಗೆ ಕಳಿಸೋ ಅವಕಾಶ ನಿಯಮಾವಳಿಯಲ್ಲಿ ಇರಲಿಲ್ಲ ಅಂತ ಧರ್ಮಸೇನ ಆಮೇಲೆ ಹೇಳಿದರು. ಮೈದಾನದ ಸುತ್ತ ಅಷ್ಟೊಂದು ಕ್ಯಾಮೆರಾ, ಆದರೆ ಇದಕ್ಕೆ ಮಾತ್ರ ನೋಡೋ ಹಾಗಿಲ್ಲ! ನನಗೆ ಸಿಟ್ಟು ಬರೋದು ಇಲ್ಲಿ.

ರೆಡ್_ಆಂಡ್_ಗೋಲ್ಡ್

ನೋಡೋ ಹಾಗಿಲ್ಲದ ಕ್ಯಾಮೆರಾ ಅಂದ್ರೆ ನಮ್ಮ ಚಿನ್ನಸ್ವಾಮಿನೇ ನೆನಪಾಗೋದು ಗುರು. 2019 ಮಾರ್ಚ್ 28, ಆರ್‌ಸಿಬಿ-ಮುಂಬೈ. ಮುಂಬೈ 187. ಕೊನೇ ಬಾಲಿಗೆ 7 ಬೇಕು, ಶಿವಂ ದುಬೆ ಸ್ಟ್ರೈಕ್, ಆ ತುದೀಲಿ ಎಬಿಡಿ (ಡಿವಿಲಿಯರ್ಸ್) 70ರಲ್ಲಿ ನಿಂತಿದಾರೆ. ಮಾಲಿಂಗ ಹಾಕಿದ ಬಾಲಿಗೆ ರನ್ ಬರಲಿಲ್ಲ, 6 ರನ್ನಿಂದ ಸೋಲು. ಕೈ ಕುಲುಕೋ ಹೊತ್ತಿಗೆ ದೊಡ್ಡ ಸ್ಕ್ರೀನ್‌ನಲ್ಲಿ ಮಾಲಿಂಗನ ಕಾಲು. ಗೆರೆ ಹಿಂದೆ ಒಂದು ಚೂರೂ ಇಲ್ಲ, ಅಂದ್ರೆ ನೋಬಾಲ್. ಅಂಪೈರ್ ಎಸ್. ರವಿ ನೋಡೇ ಇರಲಿಲ್ಲ. ನಾವೇನು ಕ್ಲಬ್ ಕ್ರಿಕೆಟ್ ಆಡ್ತಿದೀವಾ ಅಂತ ಕೊಹ್ಲಿ ಪ್ರೆಸೆಂಟೇಶನ್‌ನಲ್ಲೇ ಸಿಡಿದರು. ಗೆದ್ದ ರೋಹಿತ್ ಕೂಡ ಬೇಜಾರು ಮಾಡ್ಕೊಂಡರು, ಬುಮ್ರಾದು ಒಂದು ಬಾಲ್ ವೈಡೇ ಅಲ್ಲ, ವೈಡ್ ಕೊಟ್ರು ಅಂತ.

ಲೆಕ್ಕ: ನೋಬಾಲ್ ಕರೆದಿದ್ದರೆ 182, ಮೇಲೆ ಫ್ರೀ ಹಿಟ್ (ಹೆಚ್ಚುಕಮ್ಮಿ ಔಟ್ ಭಯ ಇಲ್ಲದ ಇನ್ನೊಂದು ಬಾಲ್), ಅದರಲ್ಲಿ ಸಿಕ್ಸ್ ಹೊಡೆದರೆ 188, ಗೆಲುವು.

ಪಾಪಿಂಗ್‌ಕ್ರೀಸ್

ಲೆಕ್ಕ ಸರಿ, ಆದರೆ ಅರ್ಧ. 7 ಬೇಕಿದ್ದದ್ದರಿಂದ ಇಬ್ಬರೂ ಸಿಂಗಲ್ ಓಡಲೇ ಇಲ್ಲ. ತಕ್ಷಣ ನೋಬಾಲ್ ಕೂಗು ಕೇಳಿದ್ದರೆ ಓಡುತ್ತಿದ್ದರು. ಆಗ 183, ಫ್ರೀ ಹಿಟ್‌ಗೆ ಎಬಿಡಿ, ಒಂದು ಫೋರ್ ಸಾಕು ಟೈಗೆ. ನೋಬಾಲನ್ನು ಕೈ ಚಾಚಿದರೆ ಸಾಲದು, ಬಾಯಿಬಿಟ್ಟು ಕೂಗಬೇಕು ಅನ್ನೋದು ಇದಕ್ಕೇ.

ಈಗ ಅದು ಕಣ್ಣಿಗೆ ಯಾಕೆ ತಪ್ಪುತ್ತೆ ಅಂತ ನೋಡೋಣ. ಎರಡು ಪಾಪಿಂಗ್ ಕ್ರೀಸ್‌ಗಳ (ಬೌಲರ್ ಮುಂಗಾಲು ಪೂರ್ತಿ ದಾಟಬಾರದ ಗೆರೆ) ನಡುವೆ 17.68 ಮೀಟರ್. ಗಂಟೆಗೆ 140 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 38.9 ಮೀಟರ್. ಬಾಲ್ ಬಿಟ್ಟು ಬ್ಯಾಟರ್ ಹತ್ತಿರ ಹೋಗೋಕೆ ಅರ್ಧ ಸೆಕೆಂಡಿಗಿಂತ ಕಮ್ಮಿ. ಬಾಲ್ ಕೈಬಿಡೋದಕ್ಕೆ ಸ್ವಲ್ಪವೇ ಮೊದಲು ಮುಂಗಾಲು ಊರುತ್ತೆ. ಅಂಪೈರ್ ತಲೆ ತಗ್ಗಿಸಿ ಹಿಮ್ಮಡಿ ನೋಡಿ, ತಲೆ ಎತ್ತಿ, ಬಾಲನ್ನ ಮತ್ತೆ ಹುಡುಕಿಕೊಂಡು, ಅದು ಎಲ್ಲಿ ಪಿಚ್ ಆಯ್ತು ಅಂತ ಹಿಡಿಯಬೇಕು. ತಲೆ ಎತ್ತೋದು ತಡವಾದರೆ ಎಲ್‌ಬಿಡಬ್ಲ್ಯೂ (ಸ್ಟಂಪಿಗೆ ಹೋಗೋ ಬಾಲಿಗೆ ಕಾಲು ಅಡ್ಡ ಬಂದು ಔಟಾಗೋದು) ಹೋಯ್ತು, ಬೇಗ ಎತ್ತಿದರೆ ನೋಬಾಲ್ ಹೋಯ್ತು. ಎರಡರಲ್ಲಿ ಒಂದನ್ನ ಬಿಡೋದಾದರೆ ಅನುಭವಿ ಅಂಪೈರ್ ಕಾಲನ್ನೇ ಬಿಡ್ತಾನೆ. ವಿಕೆಟ್ ಬಿದ್ದರೆ ಹೇಗೂ ಟಿವಿಯಲ್ಲಿ ಕಾಲು ನೋಡ್ತಾರೆ ಅನ್ನೋ ಧೈರ್ಯ. ವಿಕೆಟ್ ಬೀಳದ ಕೊನೇ ಬಾಲಲ್ಲಿ ಆ ಧೈರ್ಯ ಕೈಕೊಡುತ್ತೆ.

ನಿಲ್ಲೋ ಜಾಗವೂ ಮುಖ್ಯ. ಸ್ಟಂಪಿಗೆ ಹತ್ತಿರ ನಿಂತರೆ ಕಾಲು ಕಡಿದಾದ ಕೋನದಲ್ಲಿ ಸ್ಪಷ್ಟ, ಆದರೆ ತಲೆ ಜಾಸ್ತಿ ಎತ್ತಬೇಕು. ಹಿಂದೆ ಸರಿದರೆ ಬರೀ ಕಣ್ಣು ಎತ್ತಿದರೆ ಸಾಕು, ಆದರೆ ಗೆರೆ ಮತ್ತು ಹಿಮ್ಮಡಿ ಒಂದರ ಮೇಲೊಂದು ಕೂತಂತೆ ಕಾಣುತ್ತೆ.

2020ರ ಐಪಿಎಲ್‌ನಿಂದ ಮುಂಗಾಲಿನ ನೋಬಾಲ್ ಪೂರ್ತಿ ಟಿವಿ ಅಂಪೈರ್ ಪಾಲಿಗೆ ಹೋಯ್ತು. ಮೈದಾನದವರಿಗೆ ಈಗ ಬಾಲ್ ಮೇಲೆ ಕಣ್ಣಿಟ್ಟರೆ ಆಯ್ತು.

ಮಿಡಾನ್_ಮಲ್ಲೇಶ್ವರಂ

ಆದರೆ ಅದೇ 2020ರಲ್ಲಿ, ಐಪಿಎಲ್ ಶುರುವಾದ ಎರಡನೇ ದಿನವೇ, ಇನ್ನೊಂದು ತೂತು ಕಾಣಿಸ್ತು. ಸೆಪ್ಟೆಂಬರ್ 20, ದುಬೈ, ಡೆಲ್ಲಿ-ಪಂಜಾಬ್. ಪಂಜಾಬ್ ಕ್ಯಾಪ್ಟನ್ ಕೆ.ಎಲ್. ರಾಹುಲ್, ಕೋಚ್ ಕುಂಬ್ಳೆ, 89 ಹೊಡೆದದ್ದು ಮಯಾಂಕ್ ಅಗರ್‌ವಾಲ್. ಸೋತದ್ದು ಪಂಜಾಬ್, ಹೊಟ್ಟೆ ಉರಿದದ್ದು ಬೆಂಗಳೂರಿಗೆ.

ಗುರಿ 158. 19ನೇ ಓವರಲ್ಲಿ ರಬಾಡ ಬಾಲಿಗೆ ಎರಡು ರನ್ ಓಡಿದರು. ಸ್ಕ್ವೇರ್ ಲೆಗ್‌ನಲ್ಲಿದ್ದ ನಿತಿನ್ ಮೆನನ್, ಕ್ರಿಸ್ ಜೋರ್ಡನ್ ಬ್ಯಾಟ್ ಕ್ರೀಸ್ ಮುಟ್ಟಿಲ್ಲ ಅಂತ ಶಾರ್ಟ್ ರನ್ ಕರೆದು ಒಂದನ್ನು ಕತ್ತರಿಸಿದರು. ರೀಪ್ಲೇಯಲ್ಲಿ ಬ್ಯಾಟ್ ಆರಾಮಾಗಿ ಒಳಗಿದೆ. ಕೊನೇ ಓವರಲ್ಲಿ 13 ಬೇಕಿತ್ತು. ಸ್ಟೋಯಿನಿಸ್‌ಗೆ ಮಯಾಂಕ್ ಮೊದಲ ಮೂರು ಬಾಲಲ್ಲೇ 12 ತೆಗೆದರು. ಸ್ಕೋರ್ 157, ಟೈ. ಆ ಒಂದು ರನ್ ಇದ್ದಿದ್ದರೆ ಅಲ್ಲಿಗೇ ಪಂದ್ಯ ಖತಂ. ಮುಂದಿನ ಬಾಲ್ ಡಾಟ್, ಆಮೇಲೆ ಎರಡು ಬಾಲಿಗೆ ಎರಡು ವಿಕೆಟ್. ಸೂಪರ್ ಓವರಲ್ಲಿ ಪಂಜಾಬ್ 2 ರನ್.

ಗೆರೆ ವಿಷಯ ಗೊತ್ತಿಲ್ಲದವರಿಗೆ: ಕ್ರೀಸ್ ಅಂದರೆ ಬಿಳಿ ಪಟ್ಟಿಯ ಸ್ಟಂಪ್ ಕಡೆಯ ಅಂಚು. ಬ್ಯಾಟ್ ಪಟ್ಟಿಯ ಮೇಲೆ ಮಾತ್ರ ಇದ್ದರೆ ಒಳಗೆ ಬಂದಂತಲ್ಲ, ಅಂಚು ದಾಟಿರಬೇಕು. ಜೋರ್ಡನ್‌ದು ದಾಟಿತ್ತು.

ಪಾಪಿಂಗ್‌ಕ್ರೀಸ್

ಹೌದು. ಶಾರ್ಟ್ ರನ್ ಪರಿಶೀಲಿಸೋಕೆ ಥರ್ಡ್ ಅಂಪೈರ್‌ಗೆ ಅಧಿಕಾರ ಇರಲಿಲ್ಲ. 2021ರ ಐಪಿಎಲ್‌ಗೆ ಅದನ್ನೂ ಸೇರಿಸಿದರು. ಪ್ರತಿ ಸಲವೂ ಇದೇ ಕಥೆ, ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ.

ಹುಬ್ಬಳ್ಳಿ_ಹುಕ್

ಎಲ್ಲಾ ಬರೋಬರಿ ಐತ್ರಿ, ಆದ್ರ ಸಿಡ್ನಿ ಬಿಟ್ಟು ಹೆಂಗ? ಬಕ್ನರ್ ಹೆಸರ ಬ್ಯಾಡ ಅಂದ್ರ ಆಗೂದಿಲ್ರಿ. ಬೈಯೂದಿಲ್ಲ, ಬರೇ ಪಟ್ಟಿ ಹೇಳ್ತೀನಿ. 2008ರ ಜನವರಿ 2ರಿಂದ 6, ಆಸ್ಟ್ರೇಲಿಯಾ ಎದುರ ಟೆಸ್ಟ್. ಅಂಪೈರ್ಸ್ ಸ್ಟೀವ್ ಬಕ್ನರ್, ಮಾರ್ಕ್ ಬೆನ್ಸನ್. ನಮ್ಮ ಕ್ಯಾಪ್ಟನ್ ಕುಂಬ್ಳೆ.

ಮೊದಲನೇ ದಿನ ಪಾಂಟಿಂಗ್ 17ಕ್ಕ ಇದ್ದಾಗ ಗಂಗೂಲಿ ಬಾಲಿಗೆ ಲೆಗ್ ಸೈಡ್ ಎಡ್ಜ್, ಧೋನಿ ಕ್ಯಾಚ್. ಬೆನ್ಸನ್ ಕೊಡಲಿಲ್ಲ. ಅದೇ ಪಾಂಟಿಂಗ್ 55ಕ್ಕ ಬ್ಯಾಟ್ ಒಳಗಿನ ಎಡ್ಜ್ ತಾಗಿ ಪ್ಯಾಡಿಗೆ ಬಡಿದಿದ್ದಕ್ಕ ಹರ್ಭಜನ್ ಬಾಲಿಗೆ ಎಲ್‌ಬಿ ಕೊಟ್ಟ್ರು, ಅದೂ ಬೆನ್ಸನ್ನೇ! ಆಸ್ಟ್ರೇಲಿಯಾ 134ಕ್ಕ 6. ಆಮ್ಯಾಲೆ ಸೈಮಂಡ್ಸ್ 30ಕ್ಕ ಇದ್ದಾಗ ಇಶಾಂತ್ ಬಾಲಿಗೆ ಎಡ್ಜು, ಸಪ್ಪಳ ಟಿವ್ಯಾಗೂ ಕೇಳಿಸ್ತು. ಬಕ್ನರ್ ತಲಿ ಅಲ್ಲಾಡಿಸಿದ್ರು. ಆಂವ 162 ನಾಟೌಟ್, ಟೀಮ್ 463. ಔಟ್ ಆಗಿದ್ದೆ ಅಂತ ಸಂಜಿಮುಂದ ಸೈಮಂಡ್ಸ್ ತಾನ ಒಪ್ಪಿದ.

ಕೊನೇ ದಿನ ಡ್ರಾವಿಡ್ 38. ಸೈಮಂಡ್ಸ್ ಬಾಲಿಗೆ ಬ್ಯಾಟ್ ಪ್ಯಾಡಿನ ಹಿಂದ ಇಟ್ಟು ಪ್ಯಾಡ್ ಮುಂದ ಮಾಡಿದ್ರು. ಬಾಲ್ ತಾಗಿದ್ದು ಪ್ಯಾಡಿಗೆ. ಬಕ್ನರ್ ಕೀಪರ್ ಕ್ಯಾಚ್ ಅಂತ ಬೆರಳ ಎತ್ತಿದ್ರು. ಗಂಗೂಲಿ 51ಕ್ಕ ಸ್ಲಿಪ್ಪಿನ್ಯಾಗ ಕ್ಲಾರ್ಕ್ ನೆಲಕ್ಕ ಹತ್ತಿ ಹಿಡದ ಕ್ಯಾಚು. ಬೆನ್ಸನ್ ಯಾರನ್ನ ಕೇಳಿದ್ರು ಅಂದ್ರ ಪಾಂಟಿಂಗ್‌ನ! ಪಾಂಟಿಂಗ್ ಬೆರಳ ಎತ್ತಿದ, ಇವ್ರೂ ಎತ್ತಿದ್ರು. 122 ರನ್ನಿಂದ ಸೋತ್ವಿ, ಕೊನೇ ಮೂರು ವಿಕೆಟ್ ಕ್ಲಾರ್ಕ್ 5 ಬಾಲಿನ್ಯಾಗ ತಗದ. ಕುಂಬ್ಳೆ ಇನ್ನೊಂದ ತುದ್ಯಾಗ 45 ನಾಟೌಟ್. ಇನ್ನೊಂದೆರಡ ಓವರ್ ನಿಂತಿದ್ರ ಡ್ರಾ ಆಕ್ಕಿತ್ರಿ.

ಸ್ಕೋರ್‌ಬುಕ್_63

ಪಾಂಟಿಂಗ್‌ನ ಕೇಳಿದ್ದಕ್ಕೆ ಒಂದು ಹಿನ್ನೆಲೆ ಇದೆ ಹುಕ್ ಅವರೇ. ಸರಣಿಗೆ ಮುಂಚೆ ಇಬ್ಬರು ಕ್ಯಾಪ್ಟನ್‌ಗಳೂ ಕೆಳಮಟ್ಟದ ಕ್ಯಾಚಿಗೆ ಫೀಲ್ಡರ್ ಮಾತನ್ನೇ ನಂಬೋಣ ಅಂತ ಒಪ್ಪಿಕೊಂಡಿದ್ದರು. ಆದರೆ ಒಪ್ಪಂದ ಫೀಲ್ಡರ್ ಮಾತಿನ ಬಗ್ಗೆ. ಎದುರಾಳಿ ಕ್ಯಾಪ್ಟನ್ ಬೆರಳೆತ್ತಿದ್ದನ್ನ ನೋಡಿ ತನ್ನ ಬೆರಳೆತ್ತೋದಲ್ಲ. ಪಕ್ಕದಲ್ಲಿ ಬಕ್ನರ್ ಇದ್ದರು, ಮೇಲೆ ಟಿವಿ ಅಂಪೈರ್ ಇದ್ದರು, ಅವರನ್ನು ಕೇಳಬಹುದಿತ್ತು. ನನ್ನ ಪ್ರಕಾರ ಸಿಡ್ನಿಯಲ್ಲಿ ಡ್ರಾವಿಡ್‌ದು ಕಣ್ಣಿನ ತಪ್ಪು, ಗಂಗೂಲಿಯದು ಕ್ರಮದ ತಪ್ಪು. ಎರಡನೆಯದಕ್ಕೆ ಕ್ಷಮೆ ಕಡಿಮೆ.

ಪರ್ತ್ ಟೆಸ್ಟಿಗೆ ಬಕ್ನರ್ ಬದಲು ಬಿಲ್ಲಿ ಬೌಡನ್ ಬಂದರು. ಅದು ನನಗೆ ಇವತ್ತಿಗೂ ಹಿಡಿಸಿಲ್ಲ. ಒತ್ತಡಕ್ಕೆ ಮಣಿದು ಅಂಪೈರ್ ಬದಲಿಸಿದರೆ ಮುಂದಿನವನು ಬಾಲ್ ಬಿಟ್ಟು ಬೋರ್ಡ್ ಕಡೆ ನೋಡ್ತಾನೆ.

ಹುಬ್ಬಳ್ಳಿ_ಹುಕ್

ಅದಕ್ಕ ನಾ ಒಪ್ಪೂದಿಲ್ರಿ. ಒಂದ ಮ್ಯಾಚಿನ್ಯಾಗ ಅಷ್ಟ ತಪ್ಪ ಮಾಡಿದ ಬೌಲರ್‌ನ ಕೂಡ್ಸೂದಿಲ್ಲೇನು? ಹಂಗ ಅಂಪೈರ್‌ನೂ.

ಮಿಡಾನ್_ಮಲ್ಲೇಶ್ವರಂ

ಬೌಡನ್ ಅಂದಾಗ ನೆನಪಾಯ್ತು. ಅದೇ ಬೌಡನ್, ನಮ್ಮದೇ ಚಿನ್ನಸ್ವಾಮಿ, 2011ರ ಫೆಬ್ರವರಿ 27, ವಿಶ್ವಕಪ್‌ನ ಆ ಭಾರತ-ಇಂಗ್ಲೆಂಡ್ 338-338 ಟೈ. ಯುವರಾಜ್ ಬಾಲಿಗೆ ಇಯಾನ್ ಬೆಲ್ 17ರಲ್ಲಿ ಎಲ್‌ಬಿ ಅಪೀಲ್. ಬೌಡನ್ ನಾಟೌಟ್, ಧೋನಿ ರಿವ್ಯೂ (ಟಿವಿ ನೋಡಿ ಮತ್ತೆ ತೀರ್ಮಾನಿಸಿ ಅಂತ ಕೇಳೋದು, ಅದೇ ಡಿಆರ್‌ಎಸ್). ದೊಡ್ಡ ಸ್ಕ್ರೀನ್‌ನಲ್ಲಿ ಬಾಲ್ ನೇರ ಸ್ಟಂಪಿಗೆ. ಬೆಲ್ ಪೆವಿಲಿಯನ್ ಕಡೆ ಹೆಜ್ಜೆ ಹಾಕಿದ್ದ. ಆಮೇಲೆ ನಾಟೌಟ್ ಅಂತ ವಾಪಸ್ ಕರೆದರು! 69 ಹೊಡೆದು ಹೋದ, ಸ್ಟ್ರಾಸ್ ಜೊತೆ 170 ರನ್ ಸೇರಿಸಿ. ಇದನ್ನ ತಪ್ಪು ನಿರ್ಧಾರ ಅನ್ನಬೇಕೋ ಬೇಡವೋ?

ಪಾಪಿಂಗ್‌ಕ್ರೀಸ್

ಅಂಪೈರ್ ನಿಯಮದ ಪ್ರಕಾರವೇ ನಡೆದರು, ನಿಯಮ ಜನರಿಗೆ ಅರ್ಥವಾಗೋ ಹಾಗಿರಲಿಲ್ಲ. ಬೆಲ್ ಮುಂದೆ ಬಂದು ಆಡಿದ್ದ. ಬಾಲ್ ಪ್ಯಾಡಿಗೆ ತಾಗಿದ ಜಾಗ ಸ್ಟಂಪಿನಿಂದ 2.5 ಮೀಟರ್‌ಗಿಂತ ಆಚೆ. ಅಷ್ಟು ದೂರ ಇದ್ದರೆ ಬಾಲ್ ಟ್ರ್ಯಾಕಿಂಗ್‌ನ ಊಹೆ ನಂಬಿ ನಾಟೌಟನ್ನು ತಿರುಗಿಸೋ ಕಡ್ಡಾಯ ಆಗ ಇರಲಿಲ್ಲ, ಮೈದಾನದ ಅಂಪೈರ್ ತೀರ್ಮಾನಕ್ಕೆ ಬಿಟ್ಟದ್ದಾಗಿತ್ತು. ಕಾರಣ ಸರಳ: ಕ್ಯಾಮೆರಾ ನಿಜವಾಗಿ ನೋಡೋದು ಪ್ಯಾಡಿನವರೆಗೆ, ಅಲ್ಲಿಂದ ಮುಂದಿನ ಗೆರೆ ಲೆಕ್ಕ. ದೂರ ಹೆಚ್ಚಿದಷ್ಟೂ ಲೆಕ್ಕದ ತಪ್ಪು ಹಿಗ್ಗುತ್ತೆ. ಮೈದಾನದಲ್ಲಿ ಕೂತ ಜನಕ್ಕೆ ಆ 2.5 ಯಾರೂ ಹೇಳಿರಲಿಲ್ಲ, ಅವರಿಗೆ ಕಂಡದ್ದು ಸ್ಟಂಪಿಗೆ ಹೋಗೋ ಬಾಲ್ ಅಷ್ಟೇ.

ಈಗಿನ "ಅಂಪೈರ್ಸ್ ಕಾಲ್" (ಅಂಚಿನ ಬಾಲಿಗೆ ಮೈದಾನದ ತೀರ್ಮಾನವೇ ಉಳಿಯೋದು) ಕೂಡ ಅದೇ ತರ್ಕ. ಬಾಲಿನ ವ್ಯಾಸ ಸುಮಾರು 7.2 ಸೆಂ.ಮೀ. ನಾಟೌಟ್ ತಿರುಗಬೇಕಾದರೆ ಅದರ ಅರ್ಧವಾದರೂ ಸ್ಟಂಪಿನ ವಲಯದೊಳಗೆ ಬೀಳಬೇಕು. 2016ಕ್ಕೆ ಮುಂಚೆ ಆ ವಲಯ ಆಫ್ ಮತ್ತು ಲೆಗ್ ಸ್ಟಂಪ್‌ಗಳ ನಡುಮಧ್ಯಕ್ಕೆ ನಿಲ್ಲುತ್ತಿತ್ತು, ಆಮೇಲೆ ಹೊರ ಅಂಚಿನವರೆಗೆ ಹಿಗ್ಗಿಸಿದರು. ಐಸಿಸಿ ಕ್ರಿಕೆಟ್ ಸಮಿತಿಯ ಅಧ್ಯಕ್ಷರು ಆಗ ಕುಂಬ್ಳೆ. ಸಿಡ್ನಿಯಲ್ಲಿ ಇನ್ನೊಂದು ತುದೀಲಿ ನಿಂತು ನೋಡಿದವರೇ! ಅದೇ ವರ್ಷ ನವೆಂಬರಿನಲ್ಲಿ ಇಂಗ್ಲೆಂಡ್ ಸರಣಿಗೆ ಭಾರತ ಡಿಆರ್‌ಎಸ್ ಒಪ್ಪಿಕೊಂಡಾಗ ಟೀಮಿನ ಕೋಚ್ ಕೂಡ ಅವರೇ.

ರೆಡ್_ಆಂಡ್_ಗೋಲ್ಡ್

ಡಿಆರ್‌ಎಸ್ ಇದ್ರೂ ಉಳಿಸಿಕೊಳ್ಳೋಕೆ ಬರಬೇಕಲ್ಲ. 2019 ಆಗಸ್ಟ್ 25, ಹೆಡಿಂಗ್ಲಿ, ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್. ಇಂಗ್ಲೆಂಡಿಗೆ 2 ರನ್ ಬೇಕು, ಕೊನೇ ವಿಕೆಟ್. ಲಯನ್ ಬಾಲಿಗೆ ಸ್ಟೋಕ್ಸ್ ಎಲ್‌ಬಿ, ಜೋಯೆಲ್ ವಿಲ್ಸನ್ ನಾಟೌಟ್. ಟ್ರ್ಯಾಕಿಂಗ್‌ನಲ್ಲಿ ಔಟ್. ಆದರೆ ಸ್ವಲ್ಪ ಮುಂಚೆ ಕಮಿನ್ಸ್ ಬಾಲಿಗೆ ಲೀಚ್ ಮೇಲೆ ರಿವ್ಯೂ ಸುಟ್ಟು ಹಾಕಿದ್ರು, ಅದು ಪಿಚ್ ಆಗಿದ್ದೇ ಲೆಗ್ ಸ್ಟಂಪ್ ಆಚೆ. ವಿಲ್ಸನ್‌ಗೆ ಬೈದವರು ಆಸ್ಟ್ರೇಲಿಯಾ ಕ್ಯಾಪ್ಟನ್ ಟಿಮ್ ಪೇನ್‌ಗೂ ಅರ್ಧ ಪಾಲು ಕೊಡಲಿ.

ಪಾಪಿಂಗ್‌ಕ್ರೀಸ್

ಲಾರ್ಡ್ಸ್ ಫೈನಲಲ್ಲೂ ಅದೇ ಆದದ್ದು. ಆ ವಿಶ್ವಕಪ್‌ನಲ್ಲಿ ಇನಿಂಗ್ಸಿಗೆ ಒಂದೇ ರಿವ್ಯೂ. ಗಪ್ಟಿಲ್ ಅದನ್ನ ತನ್ನ ಎಲ್‌ಬಿಗೆ ಖರ್ಚು ಮಾಡಿದ. ಆಮೇಲೆ ರಾಸ್ ಟೇಲರ್‌ಗೆ ಮಾರ್ಕ್ ವುಡ್ ಬಾಲಿಗೆ ಎರಾಸ್ಮಸ್ ಎಲ್‌ಬಿ ಕೊಟ್ಟರು, ಬಾಲ್ ಸ್ಟಂಪ್ ಮೇಲಿಂದ ಹೋಗ್ತಿತ್ತು, ಕೇಳೋಕೆ ರಿವ್ಯೂ ಇಲ್ಲ.

ನಾಯಕರಿಗೆ ಉಪಯೋಗಕ್ಕೆ ಬರೋ ಕ್ರಮ: ಮೊದಲು ಬಾಲ್ ಲೆಗ್ ಸ್ಟಂಪ್ ಆಚೆ ಪಿಚ್ ಆಯ್ತಾ ಅಂತ ಕೀಪರ್‌ನ ಕೇಳಿ. ಹೌದಾದರೆ ಮಾತು ಅಲ್ಲಿಗೇ ಮುಗೀತು. ಆಮೇಲೆ ಬ್ಯಾಟ್ ಸಪ್ಪಳ. ಆಮೇಲೆ ಎತ್ತರ, ಅದು ಪಕ್ಕದಿಂದ ನೋಡೋ ಪಾಯಿಂಟ್ ಫೀಲ್ಡರ್‌ಗೆ ಚೆನ್ನಾಗಿ ಗೊತ್ತಾಗುತ್ತೆ. ಬೌಲರ್‌ನ ಕೊನೆಗೆ ಕೇಳಿ, ಅವನಿಗೆ ಎಲ್ಲವೂ ಔಟೇ. ಇಷ್ಟಕ್ಕೂ ಇರೋದು 15 ಸೆಕೆಂಡ್.

ವೆಸ್ಟ್‌ಬ್ಲಾಕ್_ಕಂಠೀರವ

ಕ್ರಿಕೆಟ್ ಸಾಕು, ಒಂದು ಫುಟ್‌ಬಾಲ್ ಇರಲಿ. 2023ರ ಮಾರ್ಚ್ 3, ಕಂಠೀರವ, ಐಎಸ್‌ಎಲ್ ನಾಕೌಟ್, ಬೆಂಗಳೂರು ಎಫ್‌ಸಿ-ಕೇರಳ ಬ್ಲಾಸ್ಟರ್ಸ್. ಹೆಚ್ಚುವರಿ ಸಮಯದ 96ನೇ ನಿಮಿಷ ಫ್ರೀ ಕಿಕ್. ಗೋಲಿ ಇನ್ನೂ ಗೋಡೆ ನಿಲ್ಲಿಸ್ತಿದ್ದಾಗ ಸುನಿಲ್ ಛೇಟ್ರಿ ಬಾಲನ್ನ ನೆಟ್‌ಗೆ ಹಾಕಿದರು. ರೆಫ್ರಿ ಕ್ರಿಸ್ಟಲ್ ಜಾನ್ ಗೋಲ್ ಕೊಟ್ಟರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ಟೀಮನ್ನೇ ಮೈದಾನದಿಂದ ಕರಕೊಂಡು ಹೋದರು. ಇದು "ಕೆಟ್ಟ ನಿರ್ಧಾರ" ಅಂತ ಎಲ್ಲಾ ಪಟ್ಟಿಗಳಲ್ಲಿ ಬರುತ್ತೆ, ನನ್ನ ಪ್ರಕಾರ ಬರಬಾರದು.

ನಿಯಮ 13: ಬಾಲ್ ನಿಶ್ಚಲವಾಗಿದ್ದರೆ ಫ್ರೀ ಕಿಕ್‌ಗೆ ವಿಸಿಲ್ ಕಾಯಬೇಕಾಗಿಲ್ಲ. 9.15 ಮೀಟರ್ ಅಂತರ ಬೇಕು ಅಂತ ಕಿಕ್ ಹೊಡೆಯೋ ಟೀಮ್ ಕೇಳಿದರೆ, ಕಾರ್ಡ್ ತೋರಿಸೋದಿದ್ದರೆ, ಗಾಯಾಳು ಇದ್ದರೆ, ಆಗ ಮಾತ್ರ ವಿಸಿಲ್‌ವರೆಗೆ ನಿಲ್ಲಬೇಕು. ಅಂತರ ಅನ್ನೋದು ಹೊಡೆಯೋ ಟೀಮಿನ ಹಕ್ಕು. ಗೋಡೆ ಕಟ್ಟೋಕೆ ಟೈಮ್ ಕೊಡಿ ಅನ್ನೋ ಹಕ್ಕು ರಕ್ಷಿಸೋರಿಗೆ ಇಲ್ಲ.

ಸ್ಕೋರ್‌ಬುಕ್_63

ರೆಫ್ರಿ ಸ್ಪ್ರೇಯಿಂದ ಜಾಗ ಗುರುತು ಹಾಕಿ, ಆಟಗಾರರನ್ನು ಹಿಂದೆ ಸರಿಸ್ತಿದ್ದರು ಅನ್ನೋದು ಬ್ಲಾಸ್ಟರ್ಸ್ ವಾದ ಅಲ್ವಾ? ಹಾಗಾದರೆ ವಿಸಿಲ್ ಕಾಯಬೇಕಿತ್ತು.

ವೆಸ್ಟ್‌ಬ್ಲಾಕ್_ಕಂಠೀರವ

ವಾದ ಅದೇ. ಅದರಲ್ಲಿ ತೂಕ ಇಲ್ಲ ಅಂತಲ್ಲ. ರೆಫ್ರಿಯ ಮೈಭಾಷೆ ಎರಡೂ ಕಡೆಗೆ ಬೇರೆ ಬೇರೆ ಅರ್ಥ ಕೊಡೋ ಹಾಗಿದ್ದರೆ ಜಗಳ ಆಗೇ ಆಗುತ್ತೆ. ವಿಸಿಲ್ ಕಾಯಬೇಕು ಅಂತಿದ್ದರೆ ರೆಫ್ರಿ ವಿಸಿಲನ್ನೇ ಎತ್ತಿ ಬೆರಳಲ್ಲಿ ತೋರಿಸೋದು ರೂಢಿ. ಆ ಸನ್ನೆ ಆಗಿತ್ತಾ ಅನ್ನೋದೊಂದೇ ಪ್ರಶ್ನೆ. ಮರುಪಂದ್ಯ ಬೇಕು ಅನ್ನೋ ಬೇಡಿಕೆಯನ್ನ ಭಾರತದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಸಮಿತಿ ತಳ್ಳಿಹಾಕಿತು. ಟೀಮಿಗೆ 4 ಕೋಟಿ ದಂಡ, ಕೋಚ್‌ಗೆ 10 ಪಂದ್ಯ ನಿಷೇಧ, ಮೇಲೆ 5 ಲಕ್ಷ. 96ನೇ ನಿಮಿಷ ಅದು, ಇನ್ನೂ 24 ನಿಮಿಷ ಆಟ ಬಾಕಿ ಇತ್ತು.

ಹುಬ್ಬಳ್ಳಿ_ಹುಕ್

ಹಂಗ ನೋಡಿದ್ರ ಸಿಡ್ನ್ಯಾಗ ಕುಂಬ್ಳೆ ಎದ್ದು ಹೋಗ್ಲಿಲ್ರಿ, ಕೊನೇ ವಿಕೆಟ್ ಬೀಳೂತನಕ ಆಡಿದ್ರು. ಮುಂದಿನ ಪರ್ತ್ ಟೆಸ್ಟ್ 72 ರನ್ನಿಂದ ಗೆದ್ರು.

ಮಿಡಾನ್_ಮಲ್ಲೇಶ್ವರಂ

ಸ್ಕೋರ್‌ಬುಕ್ ಸಾರ್, ಮೊದಲಿಗೆ ಹೋಗಿ ಒಂದು ಪ್ರಶ್ನೆ. ಲಾರ್ಡ್ಸ್‌ನಲ್ಲಿ ಆ ಬಾಲ್ ಬ್ಯಾಟಿಗೆ ತಾಗಿ ಬೌಂಡರಿಗೆ ಹೋಗದೆ ಒಳಗೇ ನಿಂತಿದ್ದರೆ, ಸ್ಟೋಕ್ಸ್ ಮೂರನೇ ರನ್ ಓಡಬಹುದಿತ್ತಾ?

ಸ್ಕೋರ್‌ಬುಕ್_63

ನಿಯಮದಲ್ಲಿ ತಡೆ ಇಲ್ಲ. ಬೇಕೆಂದು ಬ್ಯಾಟ್ ಅಡ್ಡ ಹಾಕಿದ್ದರೆ ಮಾತ್ರ ಫೀಲ್ಡಿಂಗಿಗೆ ಅಡ್ಡಿ ಅಂತ ಔಟ್. ತಾನಾಗಿ ತಾಗಿದರೆ ಬಾಲ್ ಜೀವಂತ, ಓಡಬಹುದು. ಓಡದೇ ಇರೋದು ಬರೀ ಮರ್ಯಾದೆಯ ರೂಢಿ. ಬೌಂಡರಿಗೆ ಹೋದಾಗ ಮಾತ್ರ ಆ ಮರ್ಯಾದೆಗೆ ಜಾಗ ಇಲ್ಲ, ನಾಲ್ಕು ತಾನಾಗಿಯೇ ಬರುತ್ತೆ. ಸ್ಟೋಕ್ಸ್ ಮಂಡಿಯೂರಿಕೊಂಡೇ ಎರಡೂ ಕೈ ಎತ್ತಿದ್ದು ಅದಕ್ಕೆ.